ಅಪ್‌ಡೇಟ್: ಗರ್ಭ ಹೋದ ಮೇಲಿನ ಆರೈಕೆ (ಬೆಳಗಾವಿ)

ತಂಗಿಗೆ 10ನೇ ವಾರಕ್ಕೆ ಗರ್ಭ ಹೋಗೇದ, ಡಿಸ್ಚಾರ್ಜ್ ಆದ ಮೇಲೆ ಏನು ನೋಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಅಕ್ಕಾರಿಗೆಲ್ಲ ಶರಣು.

ಮೊದಲು ರಕ್ತದ ಗುಂಪು. ತಾಯಿ ಕಾರ್ಡಿನಾಗ ಆರ್‌ಎಚ್ ನೆಗೆಟಿವ್ (ಅಂದ್ರ ಮೈನಸ್ ಗುಂಪು) ಇತ್ತು, ಡಿಸ್ಚಾರ್ಜ್ ಚೀಟಿಯೊಳಗ ಅಂಥ ತಾಯಂದಿರಿಗೆ ಕೊಡೋ ಆಂಟಿ-ಡಿ ಇಂಜೆಕ್ಷನ್ ಸುದ್ದಿನೇ ಇಲ್ಲ. ಕೊಡೋದಿದ್ದರೆ 72 ತಾಸಿನೊಳಗ ಕೊಡಬೇಕು. ಇಲ್ಲಂದ್ರ ತಾಯಿ ಮೈಯಾಗ ಕೂಸಿನ ರಕ್ತದ ವಿರುದ್ಧ ಆಂಟಿಬಾಡಿ ಬೆಳೆದು, ಮುಂದಿನ ಕೂಸಿನ ರಕ್ತಕಣ ಒಡೆಯಬಹುದು. 12 ವಾರದೊಳಗ ಬೇಕೋ ಬೇಡೋ ಅನ್ನೋದರಾಗ ಡಾಕ್ಟರರೊಳಗೇ ಭೇದ ಅದ. ಅದಕ್ಕೇ ಬಾಯಿಬಿಟ್ಟು ಕೇಳಬೇಕು.

ತಾಸಿಗೆ ಎರಡು ದೊಡ್ಡ ಪ್ಯಾಡ್ ತೊಯ್ದು, ಎರಡು ತಾಸು ಹಂಗೇ ನಡೆದರೆ ಸೀದಾ ಆಸ್ಪತ್ರೆಗೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೂ, ಸ್ರಾವ ನಾರಿದರೂ ಅಷ್ಟೇ. ಒಳಗ ತುಣುಕು ಉಳಿದು ಸೋಂಕು ಆಗಿರಬಹುದು. ಮೂರು ವಾರಕ್ಕೆ ಮೂತ್ರದ ಗರ್ಭದ ಟೆಸ್ಟ್ ಇನ್ನೂ ಪಾಸಿಟಿವ್ ಬಂದರೆ ಮತ್ತೆ ತೋರಿಸಬೇಕು.

"ಪಪ್ಪಾಯಿ ತಿಂದಳು, ಮೆಟ್ಟಿಲು ಹತ್ತಿದಳು" ಅನ್ನೋ ಮಾತು ಮನೆಯಾಗ ನಿಲ್ಲಿಸ್ರಿ. ಇಷ್ಟು ಬೇಗ ಹೋಗೋ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. "ಮತ್ತೊಂದು ಆಗ್ತದ ಬಿಡು" ಅನ್ನೋದೂ ಸಮಾಧಾನ ಅಲ್ಲ. ಎರಡು ವಾರ ನಿದ್ದಿ, ಊಟ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಹಚ್ಚಿರಿ. ಪುಕ್ಕಟೆ, ಕನ್ನಡದಾಗೇ ಮಾತಾಡ್ತಾರ.

ನೌಕರಿ ಇದ್ದವರಿಗೆ ಗರ್ಭ ಹೋದರೆ 2020ರ ಸಾಮಾಜಿಕ ಭದ್ರತಾ ಸಂಹಿತೆ (ಮೊದಲು 1961ರ ಹೆರಿಗೆ ಸೌಲಭ್ಯ ಕಾಯ್ದೆ ಇತ್ತು) ಪ್ರಕಾರ 6 ವಾರ ಸಂಬಳದ ರಜೆ. ಡಿಸ್ಚಾರ್ಜ್ ಚೀಟಿ ಜೋಪಾನ.