ಒಂದು ಅಡಿಟಿಪ್ಪಣಿ, ನಾಲ್ಕು ಹಾಡು, ಆರು ಹಪ್ಪಳ

ಭಾನುವಾರ ಸಂಜೆ ನಮ್ಮ ಗಡ್ಡಪ್ಪನ ಮನೆಯಲ್ಲಿ ಸೇರಿದ್ದೆವು. ಅವನು ಗಡ್ಡ ಬಿಟ್ಟಿದ್ದೇ ಪ್ರೋಗ್ ರಾಕ್, ಅಂದರೆ ಉದ್ದುದ್ದ, ಜಟಿಲ ಹಾಡುಗಳ ರಾಕ್ ಸಂಗೀತದ ಹುಚ್ಚು ಹಿಡಿದ ಮೇಲೆ. ಅವತ್ತು ಹಾಕಿದ್ದು ಇಂಗ್ಲೆಂಡಿನ ಯೆಸ್ ಅನ್ನೋ ತಂಡದ ಆಲ್ಬಂ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್’, 1973ರದ್ದು. ಎರಡು ಎಲ್‌ಪಿ, ನಾಲ್ಕು ಮಗ್ಗುಲು, ನಾಲ್ಕೇ ಹಾಡು, ಒಟ್ಟು 80 ನಿಮಿಷಕ್ಕೂ ಜಾಸ್ತಿ.

ಹತ್ತು ನಿಮಿಷ ಆದ ಮೇಲೆ ಮೇಷ್ಟ್ರು ಮೆಲ್ಲಗೆ ಕೇಳಿದರು, “ಹಾಡು ಶುರುವಾಯ್ತಾ, ಇನ್ನೂ ಶ್ರುತಿ ಮಾಡ್ಕೊಳ್ತಾ ಇದ್ದಾರಾ?”

“ಶ್ರುತಿನೇ ಮೇಷ್ಟ್ರೇ ಇದು! ಮೊದಲನೇ ಮಗ್ಗುಲು ಶ್ರುತಿ, ಎರಡನೇದು ಸ್ಮೃತಿ, ಆಮೇಲೆ ಪುರಾಣ, ಕೊನೆಗೆ ತಂತ್ರ.”

ಮೇಷ್ಟ್ರು ಕನ್ನಡಕ ತೆಗೆದರು. “ಇಂಗ್ಲೆಂಡಿನ ಹುಡುಗರಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರಪ್ಪ?”

ಅದೊಂದು ಕತೆ. ಯೆಸ್ ಗಾಯಕ ಜಾನ್ ಆಂಡರ್ಸನ್ ಒಮ್ಮೆ ಡ್ರಮ್ಮರ್ ಬಿಲ್ ಬ್ರೂಫರ್ಡ್‌ನ ಮದುವೆಗೆ ಹೋಗಿದ್ದ. ಅಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಜೇಮಿ ಮ್ಯೂರ್ ಸಿಕ್ಕಿ, ಪರಮಹಂಸ ಯೋಗಾನಂದರ ಆತ್ಮಕಥೆ ಓದು ಅಂದ. ಟೋಕಿಯೋದ ಹೋಟೆಲಿನಲ್ಲಿ ಓದುತ್ತಾ ಕೂತಾಗ, ಶಾಸ್ತ್ರಗಳು ನಾಲ್ಕು ಬಗೆ ಅನ್ನೋ ಒಂದು ಅಡಿಟಿಪ್ಪಣಿ ಅವನ ಕಣ್ಣಿಗೆ ಬಿತ್ತು. ಅಷ್ಟೇ.

“ಅಡಿಟಿಪ್ಪಣಿಗೇ ಇಷ್ಟಾ? ಪುಣ್ಯಕ್ಕೆ ಪುಸ್ತಕ ಪೂರ್ತಿ ಹಾಡೋಕೆ ಹೋಗಲಿಲ್ಲವಲ್ಲ!”

ಆಂಡರ್ಸನ್‌ಗೆ ಇದನ್ನು ಕಾಡಿನಲ್ಲಿ ರೆಕಾರ್ಡ್ ಮಾಡೋ ಆಸೆ ಇತ್ತು. ಉಳಿದವರು ಒಪ್ಪಲಿಲ್ಲ. ಕೊನೆಗೆ ಲಂಡನ್ನಿನ ಮಾರ್ಗನ್ ಸ್ಟುಡಿಯೋದೊಳಕ್ಕೇ ಹುಲ್ಲಿನ ಹೊರೆ ತಂದು ಹಾಕಿ, ಒಂದು ರಟ್ಟಿನ ಹಸು ನಿಲ್ಲಿಸಿದರು. ಸುಮ್ನೆ ಹೇಳ್ತಿಲ್ಲ, ನಿಜವಾಗಲೂ ಹಸು! ಕೀಬೋರ್ಡಿನ ರಿಕ್ ವೇಕ್‌ಮನ್‌ಗೆ ಇದ್ಯಾವುದೂ ತಲೆಗೆ ಹತ್ತಲಿಲ್ಲ. ಅದೇ ಕಟ್ಟಡದಲ್ಲಿ ಬ್ಲ್ಯಾಕ್ ಸಬ್ಬತ್ ಅನ್ನೋ ಇನ್ನೊಂದು ರಾಕ್ ತಂಡದವರೂ ಕೆಲಸ ಮಾಡ್ತಿದ್ದರು, ಅಲ್ಲಿಗೆ ಹೋಗಿ ಅವರದೊಂದು ಹಾಡಿಗೆ ಕೀಬೋರ್ಡ್ ನುಡಿಸಿ ಬಂದ. ಸಂಭಾವನೆ ಬಿಯರ್.

“ಬುದ್ಧಿವಂತ,” ಅಂದರು ಮೇಷ್ಟ್ರು.

ಆದರೆ ನನಗೆ ಇಷ್ಟವಾದದ್ದು ಮ್ಯಾಂಚೆಸ್ಟರ್ ಸಂಗೀತ ಕಛೇರಿಯ ಕತೆ. ವೇಕ್‌ಮನ್ನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆರ್ಗನ್ ಕೆಟ್ಟರೆ ರಿಪೇರಿ ಮಾಡೋಕೆ ಅಂತ ಅದರ ಕೆಳಗೆ ಒಬ್ಬ ಸಹಾಯಕ ಮಲಗಿರ್ತಿದ್ದ. ಕಛೇರಿ ಮುಗಿದ ಮೇಲೆ ಏನು ಮಾಡ್ತೀಯ ಅಂತ ಅವನು ಕೇಳಿದ. ವೇಕ್‌ಮನ್ ‘ಮುಗಿದ ಮೇಲೆ ಊಟ’ ಅಂದು ಉದ್ದಕ್ಕೆ ಪಟ್ಟಿ ಹೇಳಿದ: ಚಿಕನ್ ವಿಂದಾಲೂ, ಪಲಾವು, ಬೆಂಡೆಕಾಯಿ ಪಲ್ಯ, ಬಾಂಬೆ ಆಲೂ, ಪರಾಠ, ಆರು ಹಪ್ಪಳ. ‘ಮುಗಿದ ಮೇಲೆ’ ಅನ್ನೋದು ಆ ಗಲಾಟೆಯಲ್ಲಿ ಸಹಾಯಕನಿಗೆ ಕೇಳಿಸಲೇ ಇಲ್ಲವೋ ಏನೋ, ಅರ್ಧ ಗಂಟೆಯೊಳಗೆ ಕಾಲ ಬುಡದಿಂದ ಒಂದೊಂದೇ ಪೊಟ್ಟಣ ಮೇಲೆ ಬಂತು. ವೇಕ್‌ಮನ್ ಅದನ್ನು ಕೀಬೋರ್ಡುಗಳ ಮೇಲೆ ಹರಡಿಕೊಂಡು, ಹೇಗೂ ನುಡಿಸೋದು ಅಷ್ಟೇನಿಲ್ಲ ಅಂತ, ಊಟಕ್ಕೆ ಕೂತೇ ಬಿಟ್ಟ. ಮಸಾಲೆ ವಾಸನೆಗೆ ಆಂಡರ್ಸನ್ ಬಂದು ನೋಡಿ, ಬೈಯೋದು ಬಿಟ್ಟು, ಒಂದು ಹಪ್ಪಳ ತಗೊಂಡು ಹೋದನಂತೆ! 1974ರಲ್ಲಿ ವೇಕ್‌ಮನ್ ತಂಡವನ್ನೇ ಬಿಟ್ಟ.

ಗಡ್ಡಪ್ಪನ ಮುಖ ಸಪ್ಪೆಯಾಗಿತ್ತು. “ನಗ್ರಿ, ನಗ್ರಿ. ಇದು ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು ಗೊತ್ತಾ?”

ಅವನ ಮಾತೂ ಸುಳ್ಳಲ್ಲ. ಮೂರನೇ ಮಗ್ಗುಲಿನ ಕೊನೆಗೆ, ಆ ಡಬಡಬ ಎಲ್ಲ ನಿಂತ ಮೇಲೆ, ತಂಡದ ಗಿಟಾರಿಸ್ಟ್ ಸ್ಟೀವ್ ಹೌ ಅಕೌಸ್ಟಿಕ್ ಗಿಟಾರ್ ಹಿಡೀತಾನಲ್ಲ, ಅದಕ್ಕೋಸ್ಕರ ನಾನು ಈ ಪೂರ್ತಿ ಸಮುದ್ರ ಈಜಿದ್ದೇನೆ, ಎರಡು ಸಲ.

ಗಡ್ಡಪ್ಪ ಎದ್ದು ಎರಡನೇ ಎಲ್‌ಪಿ ಕೈಗೆ ತಗೊಂಡ.

“ಇನ್ನೂ ಇದೆಯಾ?”

“ಪುರಾಣ ಈಗ ಶುರು ಮೇಷ್ಟ್ರೇ.”

“ಹಂಗಾದ್ರೆ ಹಪ್ಪಳ ಕರಿಯೋಕೆ ಹೇಳು.”