ಮೊದಲ ಗಾಯನ ಕಛೇರಿ, ಆಮೇಲೆ ಮನೆ ತುಂಬ ನೆಂಟರು: ನಿಮ್ಮ ಅನುಭವ ಹೇಳಿ

ಪ್ರಶ್ನೆ, ಧಾರವಾಡದಿಂದ:
ಮುಂದಿನ ತಿಂಗಳು ಇಲ್ಲೇ ಧಾರವಾಡದಲ್ಲಿ ನನ್ನ ಮೊದಲ ಗಾಯನ ಕಛೇರಿ. ಸಂಜೆ ಏಳಕ್ಕೆ, 45 ನಿಮಿಷ. ಯಮನ್ ರಾಗ ಹಾಡಬೇಕು ಅಂದುಕೊಂಡಿದ್ದೇನೆ. ಹಾವೇರಿಯಿಂದ ಅಪ್ಪ, ಅವ್ವ, ಕಾಕಾ, ಅಜ್ಜಿ ಎಲ್ಲರೂ ಬರುತ್ತಾರೆ, ರಾತ್ರಿ ನಮ್ಮಲ್ಲೇ ಉಳಿಯುತ್ತಾರೆ. ಕ್ಲಾಸಿನಲ್ಲಿ ಒಂದು ತಾಸು ಹಾಡಿದರೂ ನನಗೆ ಆಮೇಲೆ ಮಾತೇ ಬೇಡ ಅನಿಸುತ್ತದೆ. ಅಂದು ರಾತ್ರಿ ಹೇಗೆ? ಅವರಿಗೆ ಬೇಜಾರಾಗಬಾರದು.

ಹುಬ್ಬಳ್ಳಿಯ ಗಾಯಕಿ:
ತಂಗಿ, ಮೊದಲು ಇದನ್ನು ಕೇಳು. ಗಂಟಲು ಹಾಡಿ ದಣಿಯುವುದಕ್ಕಿಂತ ಜಾಸ್ತಿ, ಹಾಡು ಮುಗಿದ ಮೇಲಿನ ಮಾತಿಗೆ ದಣಿಯುತ್ತದೆ. ಹಾಲ್‌ನ ಹೊರಗೆ ಗದ್ದಲ ಇರುತ್ತದೆ, ಎಲ್ಲರೂ ಸುತ್ತ ನಿಂತು ಮಾತಾಡಿಸುತ್ತಾರೆ, ನೀನೂ ದನಿ ಏರಿಸುತ್ತೀ. ಆಗಲೇ ತೊಂದರೆ. ಕೈ ಮುಗಿ, ನಗು, ಹಿರಿಯರ ಕಾಲಿಗೆ ಬೀಳು. ಉಳಿದ ಮಾತು ಮನೆಯವರು ಆಡಲಿ. ಪಿಸುಮಾತು ಬೇಡ, ಅದೂ ಗಂಟಲಿಗೆ ಆಯಾಸವೇ. ಮೆಲ್ಲಗೆ ನಿನ್ನ ಸಹಜ ದನಿಯಲ್ಲೇ ಮಾತಾಡು.

ಇನ್ನು 45 ನಿಮಿಷದ ಲೆಕ್ಕ. ವಿಲಂಬಿತ, ಅಂದರೆ ನಿಧಾನಗತಿಯ ಏಕತಾಲದಲ್ಲಿ 12 ಮಾತ್ರೆ, ಅಂದರೆ 12 ಎಣಿಕೆ; ಅವು ಒಂದು ಸುತ್ತು ಮುಗಿದರೆ ಒಂದು ಆವರ್ತನ. ಒಂದು ಆವರ್ತನಕ್ಕೆ 45 ಸೆಕೆಂಡ್ ಹಿಡಿದರೆ 20 ಆವರ್ತನಕ್ಕೇ 15 ನಿಮಿಷ ಆಯಿತು. ಆಲಾಪದಲ್ಲಿ ಮೇಲಿನ ಸಾ ತನಕ ಆತುರವಿಲ್ಲದೆ ಹೋಗಲು ಅಷ್ಟಾದರೂ ಬೇಕು. ಆಮೇಲೆ ತಾನ್, ಅಂದರೆ ವೇಗದ ಸ್ವರಗಳ ಓಟ, ಮತ್ತೆ ತೀನ್‌ತಾಲದ ಛೋಟಾ ಖ್ಯಾಲ್, ಅಂದರೆ ಚುರುಕು ಗತಿಯ ಚಿಕ್ಕ ಬಂದಿಶ್. ಅರ್ಧ ತಾಸಿನ ಮೇಲೆ ಸ್ವಲ್ಪ ಆಗುತ್ತದೆ. ಇನ್ನೊಂದು ರಾಗ ತುರುಕಬೇಡ. ಉಳಿದ ಸಮಯ ನಿಮ್ಮ ಊರಿನವರಿಗೆ ಕೊಡು. ಮಲ್ಲಿಕಾರ್ಜುನ ಮನ್ಸೂರ್ ಅವರಂಥವರೇ ಖ್ಯಾಲ್ ಜೊತೆ ವಚನ ಹಾಡುತ್ತಿದ್ದರು. ನಿಮ್ಮವರು ಹಾವೇರಿ ಕಡೆಯವರು ಅಂದಮೇಲೆ ಶಿಶುನಾಳ ಶರೀಫರ ತತ್ವಪದ ಹಾಡಬಹುದಲ್ವಾ? ಇಲ್ಲವೇ ನಿಮ್ಮ ಕಡೆಯ ಬಾಡ ಊರಿನ ಕನಕದಾಸರ ಕೀರ್ತನೆ. ಯಮನ್ ತಿಳಿಯದ ಅಜ್ಜಿಗೂ ಅದು ತನ್ನದು ಅನಿಸುತ್ತದೆ. ಮನೆಗೆ ಬಂದ ಮೇಲೆ ಅವರಿಗೆ ಆಡಲು ಮಾತು ಸಿಗುತ್ತದೆ, ನೀನು ಕೇಳುತ್ತಾ ಕೂತರೆ ಸಾಕು.

ಶ್ರುತಿ ಬಗ್ಗೆಯೂ ಹೇಳಿಬಿಡುತ್ತೇನೆ. ಮೊದಲ ಕಛೇರಿ ಅಂತ ಶ್ರುತಿಯನ್ನು ಅರ್ಧ ಸ್ವರ ಏರಿಸಿ ಹಾಡಬೇಡ. ನಮ್ಮ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು. ಅವರು ಆ ದನಿಯಲ್ಲೇ ಹಾಡಿದರು, ದೇಶವೇ ಕೇಳಿತು. ನಿನ್ನ ಸಾ ಎಲ್ಲಿ ನಿಲ್ಲುತ್ತದೋ ಅಲ್ಲೇ ಇರಲಿ.

ಗದಗಿನ ತಬಲಾ ವಾದಕ:
ಅಕ್ಕಾರ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಂಬೂರಿಯನ್ನು ಮನೆಯಲ್ಲಿ ಸೇರಿಸಿಕೊಂಡು ಬಂದರೆ ಸಾಲದು. ಹಾಲ್‌ನ ತಂಪಿಗೆ, ದೀಪಗಳ ಬಿಸಿಗೆ ತಂತಿಯ ಶ್ರುತಿ ಏರಿಳಿಯುತ್ತದೆ. ಅರ್ಧ ತಾಸು ಮೊದಲೇ ಬಂದು, ವೇದಿಕೆ ಮೇಲೇ ಶ್ರುತಿ ಮಾಡಿ, ನಾದ ತುಂಬಿ ಬರಲು ತಂತಿಯ ಕೆಳಗೆ ಇಡುವ ಜವಾರಿಯ ದಾರ ಸರಿಸಿ ನೋಡಿ. ಯಮನ್‌ಗೆ ಎರಡು ತಂಬೂರಿ ಇದ್ದರೆ ಒಂದರಲ್ಲಿ ಪಂಚಮ, ಇನ್ನೊಂದರಲ್ಲಿ ನಿಷಾದ ಇಟ್ಟುಕೊಳ್ಳಿ, ಬಹಳ ಚಂದ ಕೇಳುತ್ತದೆ. ಎಲೆಕ್ಟ್ರಾನಿಕ್ ತಂಬೂರಿ ಚಾರ್ಜ್ ಮಾಡಿಟ್ಟುಕೊಳ್ಳಿ. ಮತ್ತೆ, ಸಾಥ್ ಕೊಟ್ಟ, ಅಂದರೆ ಜೊತೆಗೆ ನುಡಿಸಿದವರನ್ನು ಊಟಕ್ಕೆ ಕರೆಯಿರಿ. ನಾವೂ ನಿಮ್ಮಷ್ಟೇ ಹೆದರಿರುತ್ತೇವೆ.

ಧಾರವಾಡದ ಒಬ್ಬ ತಾಯಿ:
ನನ್ನ ಮಗಳು ಹಾಡುತ್ತಾಳೆ, ಮನೆ ಕಡೆಯದು ನಾನು ಹೇಳುತ್ತೇನವ್ವಾ. ಅಂದು ನೀನು ಒಲೆ ಮುಂದೆ ನಿಲ್ಲಬೇಡ. ಖಾನಾವಳಿಗೆ ಮೊದಲೇ ಹೇಳಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತರಿಸಿಬಿಡಿ. ನಾವು ಹಾಗೇ ಮಾಡುತ್ತೇವೆ. ಮಗಳು ಬಂದು ಸೀರೆ ಬದಲಿಸಿ, ಒಂದು ಲೋಟ ಬಿಸಿನೀರು ಹಿಡಿದು ಒಳಕೋಣೆಯಲ್ಲಿ ಸುಮ್ನೆ ಕೂರುತ್ತಾಳೆ. ಬಾಗಿಲು ಅರ್ಧ ಮುಚ್ಚಿರುತ್ತದೆ. ಹೊರಗೆ ಗಿರಮಿಟ್ ಕಲಸುವ ಸದ್ದು, ಮಿರ್ಚಿ ಭಜಿ ವಾಸನೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗೇ ಎದ್ದು ಬಂದು ಅಜ್ಜಿಯ ಪಕ್ಕ ಕೂತು ಬಟ್ಟಲಿಗೆ ಕೈ ಹಾಕುತ್ತಾಳೆ. ಅಲ್ಲಿಯ ತನಕ ಯಾರೂ ಕರೆಯಬಾರದು ಅಂತ ನಾನೇ ಎಲ್ಲರಿಗೂ ಹೇಳಿರುತ್ತೇನೆ. ನಿನ್ನ ಅವ್ವನಿಗೆ ಈಗಲೇ ಹೇಳಿಡು, ಅವರು ಸಂಭಾಳಿಸುತ್ತಾರೆ. ಮೊದಲೇ ತಿಳಿದಿದ್ದರೆ ಯಾರಿಗೂ ಬೇಜಾರಾಗುವುದಿಲ್ಲ.

ಮಿರ್ಚಿ ತಿನ್ನಲಿ, ಆದರೆ ತಿಂದ ಕೂಡಲೇ ಮಲಗಬಾರದು. ಹುಳಿ ಮೇಲೆ ಬಂದರೆ ಬೆಳಗ್ಗೆ ಗಂಟಲು ಉರಿಯುತ್ತದೆ.

ಇನ್ನೊಂದು, ಇದು ಬಹಳ ಮುಖ್ಯ. ಊಟದ ಹೊತ್ತಿಗೆ ಯಾರಾದರೂ ರೆಕಾರ್ಡಿಂಗ್ ಹಚ್ಚುತ್ತಾರೆ. "ಇಲ್ಲಿ ತಾನ್ ಜಾರಿತಲ್ಲಾ?" ಅಂತ ಕಾಕಾನೇ ಕೇಳಬಹುದು, ಪ್ರೀತಿಯಿಂದಲೇ. ಆ ರಾತ್ರಿ ಅದು ಬೇಡ. ತಪ್ಪು ಒಪ್ಪು ನೋಡುವುದಕ್ಕೆ ಗುರುಗಳಿದ್ದಾರೆ, ಎರಡು ದಿನ ಬಿಟ್ಟು ಅವರ ಮುಂದೆ ಕೂತು ಕೇಳು. ಫೋನುಗಳನ್ನು ಮನೆಯವರೊಬ್ಬರ ಕೈಗೆ ಕೊಟ್ಟುಬಿಡಿ.

ಧಾರವಾಡದಿಂದ, ಪ್ರಶ್ನೆ ಕೇಳಿದವರು:
ಎಲ್ಲರಿಗೂ ಶರಣು. ಅವ್ವನಿಗೆ ಈಗಷ್ಟೇ ಫೋನ್ ಮಾಡಿದೆ. ಖಾನಾವಳಿಗೆ ಅಪ್ಪನೇ ಹೇಳುತ್ತಾರಂತೆ. ತತ್ವಪದ ಯಾವುದು ಅಂತ ಅಜ್ಜಿಯನ್ನು ಕೇಳುತ್ತೇನೆ.