‘ಎಳೆತ’ ಅಂದರೆ ಯಾವುದರ ಎಳೆತ? ವೆಂಚುರಿ ಅಳತೆಯ ಕನ್ನಡ ಮಾತುಗಳು

“ನಿಮ್ಮ ಎಂಜಿನ್‌ಗೆ ಎಳೆತ ಸಾಲದು” ಎಂದು ಗೆಳೆಯರೊಬ್ಬರು ಫೋನಿನಲ್ಲಿ ಹೇಳಿದರು. ಕಂಟ್ರೋಲ್ ಲೈನ್, ಅಂದರೆ ತಂತಿ ಹಿಡಿದು ಸುತ್ತಲೂ ಹಾರಿಸುವ, ಮಾದರಿ ವಿಮಾನದ ಪುಟ್ಟ ಗ್ಲೋ ಎಂಜಿನ್ (ಕಾದ ತಂತಿಯ ಪ್ಲಗ್‌ನಿಂದ ಇಂಧನ ಹೊತ್ತಿಸುವಂಥದ್ದು) ಅದು. ಆ ಮಾತು ಕೇಳಿ ನಾನು ಎಂಜಿನ್‌ಗೆ ಗಾಳಿ ಒಳಹೋಗುವ ಕೊಳವೆಯಾದ ವೆಂಚುರಿಯ ತೂತನ್ನು 7 ಮಿ.ಮೀ.ನಿಂದ 7.5ಕ್ಕೆ ಕೊರೆದೆ. ನೆಲದ ಮೇಲೆ ಎಂಜಿನ್ ಮೊದಲಿಗಿಂತ ಜೋರಾಗಿಯೇ ಓಡಿತು. ಮೂಗು ಮೇಲೆತ್ತಿ ಏರಿಸಿದೆ ನೋಡಿ, ದನಿ ಕೀರಲಾಯಿತು, ಎಂಜಿನ್ ನಿಂತೇ ಹೋಯಿತು.

ಅವರು ಹೇಳಿದ್ದು ಇಂಧನದ ಎಳೆತ. ನಾನು ತಿಳಿದದ್ದು ಗಾಳಿಯ ಎಳೆತ. ಮಾಡಬೇಕಾದದ್ದು ನಾನು ಮಾಡಿದ್ದಕ್ಕೆ ಪೂರ್ತಿ ಉಲ್ಟಾ!

ಈ ಎರಡು ಎಳೆತಗಳು ಒಂದು ಏರಿದರೆ ಇನ್ನೊಂದು ಇಳಿಯುವಂಥವು. ವೆಂಚುರಿ ನಡುವೆ ಕಿರಿದಾಗುವ ಕೊಳವೆ. ಆ ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಅಲ್ಲಿ ಅಡ್ಡಲಾಗಿ ಕೂತಿರುವ ಸ್ಪ್ರೇಬಾರ್‌ನ ಸಣ್ಣ ತೂತಿನಿಂದ ಇಂಧನ ಹೊರಗೆ ಬರುತ್ತದೆ. ಕೊಳವೆ ದೊಡ್ಡದಾದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಬಲವೂ ಜಾಸ್ತಿ. ಆದರೆ ಒತ್ತಡ ಅಷ್ಟು ಇಳಿಯುವುದಿಲ್ಲ. ವಿಮಾನ ಮೂಗೆತ್ತಿದಾಗ ಟ್ಯಾಂಕು ಕೆಳಗಾಗುತ್ತದೆ, ಇಂಧನ ಮೇಲೇರಲು ಬಲ ಸಾಲುವುದಿಲ್ಲ. ಇಷ್ಟು ವ್ಯತ್ಯಾಸ ಇರುವ ಎರಡಕ್ಕೂ ನಾವು ಸುಮ್ನೆ ‘ಎಳೆತ’ ಅಂದುಬಿಡುತ್ತೇವೆ.

ಗಾಳಿಗೆ ‘ಉಸಿರು’, ಇಂಧನಕ್ಕೆ ‘ಹೀರು’ ಎಂದು ಬೇರೆ ಮಾಡಿದರೆ ಹೇಗೆ? ಗಾಳಿಯನ್ನು ಎಳೆದುಕೊಳ್ಳುವುದನ್ನು ಕನ್ನಡದಲ್ಲಿ ಉಸಿರು ಅಂತಲೇ ಹೇಳುತ್ತೇವೆ. ಕೊಳವೆಯಲ್ಲಿ ನೀರು ಮೇಲೆ ಬಂದರೆ ಹೀರಿದೆವು ಅನ್ನುತ್ತೇವೆ. “ಉಸಿರು ಜಾಸ್ತಿಯಾಯಿತು, ಹೀರುಬಲ ಕಮ್ಮಿಯಾಯಿತು” ಎಂದು ಹೇಳಿದ್ದರೆ ನನ್ನಂಥವನಿಗೂ ಎಡವಟ್ಟು ಆಗುತ್ತಿರಲಿಲ್ಲ. ‘ಹೀರುಬಲ’ ಕಿವಿಗೆ ಹೊಸದು, ಒಪ್ಪುತ್ತೇನೆ. ಇದಕ್ಕಿಂತ ಸಲೀಸಾದ ಮಾತು ಯಾರಿಗಾದರೂ ಹೊಳೆಯುತ್ತದೆಯೇ?

ವೆಂಚುರಿ ಎಂಬ ಪದವನ್ನು ಹಾಗೇ ಬಿಡೋಣ ಅನ್ನುವುದು ನನ್ನ ಅಭಿಪ್ರಾಯ. ಅದು ಒಬ್ಬ ಮನುಷ್ಯನ ಹೆಸರು. ಇಟಲಿಯ ಜಿಯೊವಾನಿ ಬಟಿಸ್ಟಾ ವೆಂಚುರಿ 1746ರಿಂದ 1822ರವರೆಗೆ ಬದುಕಿದ್ದವರು. ಡೀಸೆಲ್ ಕೂಡ ಒಬ್ಬರ ಹೆಸರೇ, ಅದನ್ನು ಯಾರೂ ಅನುವಾದ ಮಾಡಲು ಹೋಗಲಿಲ್ಲ. ಆದರೆ ವೆಂಚುರಿಯ ಕಿರಿದಾದ ನಡುಭಾಗಕ್ಕೆ ನಮ್ಮದೇ ಪದ ಬೇಕು. ‘ಕತ್ತು’ ಸರಿಯೋ, ‘ಗಂಟಲು’ ಸರಿಯೋ? ಕತ್ತು ಹೊರಗಿನಿಂದ ಕಾಣುವುದು, ಗಂಟಲು ಒಳಗಿನ ದಾರಿ. ಇಲ್ಲಿ ಮುಖ್ಯವಾದದ್ದು ಒಳಗಿನ ದಾರಿ, ಆದ್ದರಿಂದ ನನ್ನ ಮತ ಗಂಟಲಿಗೆ. ಮೇಲಿನ ಅಗಲವಾದ ಭಾಗ ಆಗ ತಾನಾಗಿಯೇ ‘ಬಾಯಿ’ ಆಗುತ್ತದೆ. ಸ್ಪ್ರೇಬಾರ್‌ಗೆ ‘ಅಡ್ಡಗೊಳವೆ’ ಅನ್ನಬಹುದು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆಯೇ ಇದು.

ಇನ್ನು ‘ಸೈಜ್’. ಜಾಸ್ತಿ ಗೊಂದಲ ಇರುವುದು ಇಲ್ಲಿ. “7ರ ವೆಂಚುರಿ ಹಾಕಿ” ಎಂದರೆ ಗಂಟಲಿನ ಅಗಲ 7 ಮಿ.ಮೀ. ಎಂದಷ್ಟೇ ಗೊತ್ತಾಗುತ್ತದೆ. ಎಂಜಿನ್‌ಗೆ ಬೇಕಾದ ಲೆಕ್ಕ ಅದಲ್ಲ. ಅಡ್ಡಗೊಳವೆ ತಡೆದದ್ದು ಕಳೆದು, ಗಾಳಿಗೆ ಉಳಿದ ಜಾಗ ಎಷ್ಟು ಅನ್ನುವುದು ಮುಖ್ಯ. 7 ಮಿ.ಮೀ. ಗಂಟಲಿನ ಪೂರ್ತಿ ವಿಸ್ತೀರ್ಣ ಸುಮಾರು 38.5 ಚದರ ಮಿ.ಮೀ. ಅದರ ನಡುವೆ 4 ಮಿ.ಮೀ. ದಪ್ಪದ ಅಡ್ಡಗೊಳವೆ ಕೂತರೆ ಉಳಿಯುವುದು ಬರೀ 12. ಅದನ್ನೇ 3 ಮಿ.ಮೀ.ನದಕ್ಕೆ ಬದಲಿಸಿದರೆ 18! ವೆಂಚುರಿ ಅದೇ, ‘ಸೈಜ್’ ಅದೇ, ಆದರೆ ಗಾಳಿಯ ದಾರಿ ಒಂದೂವರೆ ಪಟ್ಟು. ನಾನು ಅರ್ಧ ಮಿ.ಮೀ. ಕೊರೆದಾಗ ತೂತಿನ ವಿಸ್ತೀರ್ಣ ಹೆಚ್ಚಿದ್ದು ಶೇಕಡಾ 15ರಷ್ಟು ಮಾತ್ರ. 4 ಮಿ.ಮೀ. ಅಡ್ಡಗೊಳವೆ ಇದ್ದುದರಿಂದ ಉಳಿದ ಜಾಗ 12ರಿಂದ 15.7ಕ್ಕೆ ಹೋಯಿತು, ಅಂದರೆ ಶೇಕಡಾ 30ರ ಹತ್ತಿರ. ಸಣ್ಣ ಕೊರೆತ ಅಂದುಕೊಂಡದ್ದು ಸಣ್ಣದಾಗಿರಲಿಲ್ಲ.

ಈ ಉಳಿದ ಜಾಗಕ್ಕೆ ಒಂದು ಹೆಸರು ಬೇಕು. ನನಗೆ ಹೊಳೆದದ್ದು ‘ತೆರಪು’. ‘ತೆರೆ’ಯ ನೆಂಟ, ಬಾಯಲ್ಲಿ ಸುಲಭವಾಗಿ ನಿಲ್ಲುತ್ತದೆ. “ಗಂಟಲು 7, ತೆರಪು 12” ಅಂದರೆ ಮಾತು ಮುಗಿಯಿತು. ಆದರೆ ತೆರಪು ಎಂದರೆ ಬಿಡುವು ಎಂಬ ಅರ್ಥವೂ ಇದೆ, ಅಲ್ವಾ? ಅದು ಅಡ್ಡ ಬರುತ್ತದೆಯೇ? ‘ಕಂಡಿ’ ಅನ್ನಬಹುದಿತ್ತು, ಆದರೆ ಅದು ನನಗೆ ಗೋಡೆಯಲ್ಲಿನ ತೂತಿನ ಹಾಗೆ ಕೇಳಿಸುತ್ತದೆ. ‘ಸಂದು’ ಇನ್ನೂ ಕಿರಿದು.

ಈಗ ನಾನು ಚಿಕ್ಕ ಗಂಟಲಿನಿಂದಲೇ ಶುರು ಮಾಡುತ್ತೇನೆ. ಕೊರೆದ ಲೋಹ ಮತ್ತೆ ಬರುವುದಿಲ್ಲ. ಎಂಜಿನ್ ಓಡುತ್ತಿರುವಾಗ ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗು ಮೇಲೆ ಮಾಡಿ ನೋಡುತ್ತೇನೆ. ಸೊರಗಿ ನಿಲ್ಲುವ ಹಾಗಾದರೆ ತೆರಪು ಜಾಸ್ತಿಯಾಗಿದೆ, ಅದನ್ನು ಕಮ್ಮಿ ಮಾಡಬೇಕು. ಇಲ್ಲವೇ ಹೊಗೆ ಹೊರಹೋಗುವ ಮಫ್ಲರ್‌ನಿಂದ ಟ್ಯಾಂಕಿಗೆ ಒತ್ತಡ ಕೊಡಬೇಕು. ಆಗ ಇಂಧನವನ್ನು ಹಿಂದಿನಿಂದ ತಳ್ಳಿದ ಹಾಗಾಗುತ್ತದೆ, ಬರೀ ಹೀರುವಿಕೆ ಅನ್ನಲು ಬರುವುದಿಲ್ಲ. ಈ ತಳ್ಳುವುದನ್ನೂ ಸೇರಿಸಿ ಹೇಳುವ ಒಂದೇ ಪದ ಇದ್ದರೆ ತಿಳಿಸಿ. ‘ಪೂರೈಕೆ’ ಎಂದು ಬರೆದು ನೋಡಿದೆ, ಅದರಲ್ಲಿ ಬಲದ ಅರ್ಥವೇ ಬರಲಿಲ್ಲ.